ಗೇಮಿನೊಳಗೆ ಜ್ವರ ಬಂದರೆ

ಜುಲೈ ತಿಂಗಳ ಒಂದು ಬೆಳಿಗ್ಗೆ. ಮೂರು ದಿನದಿಂದ ಮಳೆ ಬಿಟ್ಟಿರಲಿಲ್ಲ. ಮಂಗಳೂರಿನ ಬಿಜೈಯಲ್ಲಿ ಅಕ್ಕನ ಮನೆಯಲ್ಲಿದ್ದೆ. ಗುಲಾಬಿ ಸೀರೆಯ ಆಶಾ ಕಾರ್ಯಕರ್ತೆ ಬಂದರು, ಕೊಡೆಯನ್ನು ಸಿಟೌಟಿನಲ್ಲಿ ಬಿಡಿಸಿಟ್ಟರು, ಹೂಕುಂಡದ ಕೆಳಗಿನ ತಟ್ಟೆ ಎತ್ತಿ ನೀರು ಚೆಲ್ಲಿದರು, ಫ್ರಿಜ್ಜಿನ ಹಿಂದಿನ ಟ್ರೇಗೆ ಟಾರ್ಚ್ ಹಾಕಿ ನೋಡಿದರು, "ಅಕ್ಕಾ, ವಾರಕ್ಕೊಮ್ಮೆಯಾದರೂ ಇದನ್ನು ಒಣಗಿಸಿ" ಅಂತ ಹೇಳಿ ಡೆಂಗ್ಯೂ ಬಗ್ಗೆ ಒಂದು ಕರಪತ್ರ ಕೊಟ್ಟು ಪಕ್ಕದ ಮನೆಗೆ ಹೋದರು. ಕರಪತ್ರ ಹಳೆ ಪೇಪರಿನ ರಾಶಿ ಸೇರಿತು. ಏಳನೇ ಕ್ಲಾಸಿನ ಅಕ್ಕನ ಮಗ ತಲೆಯನ್ನೂ ಎತ್ತಲಿಲ್ಲ. ಅವನು ಮೈನ್‌ಕ್ರಾಫ್ಟ್ ಅನ್ನುವ ಕಟ್ಟುವ ಗೇಮಿನಲ್ಲಿ ತನ್ನ ಮನೆಗೆ ಮಾಡು ಹಾಕುತ್ತಿದ್ದ.

ಹಾಗಾದರೆ ಈ ಹುಡುಗ ದಿನಕ್ಕೆ ಎರಡು ಗಂಟೆ ಎಲ್ಲಿರುತ್ತಾನೋ ಅಲ್ಲಿಗೇ ಡೆಂಗ್ಯೂ ಮಾತನ್ನು ಒಯ್ದರೆ ಹೇಗೆ? ನನ್ನ ತಲೆಗೆ ಹೊಳೆದ ಹೊಸ ವಿಷಯವೇನಲ್ಲ ಇದು. ಇಪ್ಪತ್ತು ವರ್ಷಗಳಿಂದ ಲೈಬ್ರೆರಿಯವರು, ಡಾಕ್ಟರುಗಳು, ಸರಕಾರಿ ಸಂಸ್ಥೆಗಳು ಎಲ್ಲ ಇದನ್ನು ಮಾಡಿ ನೋಡಿದ್ದಾರೆ. ಕೆಲವು ಕಡೆ ಗೆದ್ದಿದ್ದಾರೆ, ಜಾಸ್ತಿ ಕಡೆ ಎಡವಿದ್ದಾರೆ. ಎಲ್ಲಿ ಗೆದ್ದರು, ಎಲ್ಲಿ ಎಡವಿದರು, ಯಾಕೆ ಅನ್ನುವುದನ್ನು ಸ್ವಲ್ಪ ಬಿಡಿಸಿ ನೋಡೋಣ.

ಮೊದಲು, ವರ್ಚುವಲ್ ಲೋಕ ಅಂದರೆ ಎಂತ? ಕಂಪ್ಯೂಟರಿನಲ್ಲೋ ಮೊಬೈಲಿನಲ್ಲೋ ಒಂದು ಊರು. ಅದರೊಳಗೆ ನೀವು ಒಂದು ಬೊಂಬೆಯಾಗಿ ಹೋಗುತ್ತೀರಿ, ನಡೆಯುತ್ತೀರಿ, ಹಾರುತ್ತೀರಿ, ಮನೆ ಕಟ್ಟುತ್ತೀರಿ, ಎದುರು ಸಿಕ್ಕಿದ ಇನ್ನೊಂದು ಬೊಂಬೆಯ ಜೊತೆ ಹರಟೆ ಹೊಡೆಯುತ್ತೀರಿ. ಆ ಬೊಂಬೆಯ ಹಿಂದೆ ಬ್ರೆಜಿಲ್‌ನಲ್ಲೋ ಬಂಟ್ವಾಳದಲ್ಲೋ ಕೂತ ಒಬ್ಬ ನಿಜವಾದ ಮನುಷ್ಯ ಇರುತ್ತಾನೆ. ನೀವು ಎದ್ದು ಊಟಕ್ಕೆ ಹೋದರೂ ಆ ಊರು ನಿಲ್ಲುವುದಿಲ್ಲ. ಬೊಂಬೆಗೆ ಅವರು ಅವತಾರ್ ಅನ್ನುತ್ತಾರೆ.

ನಮ್ಮ ಕರಾವಳಿಯವರಿಗೆ ಅವತಾರ್ ಅನ್ನುವುದನ್ನು ಜಾಸ್ತಿ ವಿವರಿಸುವುದು ಬೇಡ, ವೇಷ ಅಂದರೆ ಸಾಕು. ಪೇಟೆಯಲ್ಲಿ ತಲೆ ತಗ್ಗಿಸಿ ನಡೆಯುವವನು ಹುಲಿಯ ಬಣ್ಣ ಮೈಗೆ ಬಿದ್ದ ಕೂಡಲೇ ತಾಸೆಯ ಪೆಟ್ಟಿಗೆ ನಡುರಸ್ತೆಯಲ್ಲಿ ಕುಣಿಯುತ್ತಾನೆ. ಅವನಿಗೆ ನಾಚಿಕೆ ಇಲ್ಲ, ನೋಡುವವರಿಗೂ ಇಲ್ಲ. ಉಡುಪಿಯ ಅಷ್ಟಮಿಯಲ್ಲಿ ವೇಷ ಹಾಕಿ ಸೇರಿಸಿದ ದುಡ್ಡನ್ನು ಕಾಯಿಲೆ ಬಿದ್ದ ಮಕ್ಕಳ ಚಿಕಿತ್ಸೆಗೆ ಕೊಡುವ ರವಿ ಕಟಪಾಡಿಯವರ ಬಗ್ಗೆ ನೀವು ಕೇಳಿರುತ್ತೀರಿ. ಅವರು ಕೂಲಿ ಕೆಲಸ ಮಾಡುವವರು. ಅದೇ ಮನುಷ್ಯ ಲುಂಗಿಯಲ್ಲಿ ಬಂದು ಡಬ್ಬಿ ಹಿಡಿದಿದ್ದರೆ ಎಷ್ಟು ಜನ ನಿಲ್ಲುತ್ತಿದ್ದರು ಅಂತ ನನಗೆ ಸಂಶಯ ಉಂಟು.

ಇಂಥದ್ದೇ ಕೆಲಸ ಕಂಪ್ಯೂಟರಿನೊಳಗೂ ನಡೆದಿದೆ. 2003ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಲಿಂಡೆನ್ ಲ್ಯಾಬ್ ಎಂಬ ಕಂಪನಿ ಸೆಕೆಂಡ್ ಲೈಫ್ ಅನ್ನುವ ಲೋಕವನ್ನು ತೆರೆಯಿತು. ಅಲ್ಲಿ ಆಟದ ಗುರಿ ಅಂತ ಏನೂ ಇಲ್ಲ. ಜಾಗ ಕೊಳ್ಳಬಹುದು, ಅಂಗಡಿ ಇಡಬಹುದು, ಸುಮ್ನೆ ಅಲೆಯಬಹುದು. ಲಿಂಡೆನ್ ಡಾಲರ್ ಅನ್ನುವ ಅಲ್ಲಿಯದೇ ದುಡ್ಡು ಉಂಟು, ಅದನ್ನು ನಿಜವಾದ ಡಾಲರಿಗೆ ಬದಲಿಸಬಹುದು. ಅಮೆರಿಕನ್ ಕ್ಯಾನ್ಸರ್ ಸೊಸೈಟಿ 2005ರಿಂದ ಅಲ್ಲಿ ಕ್ಯಾನ್ಸರ್ ನಿಧಿಗಾಗಿ ನಡಿಗೆ ನಡೆಸುತ್ತಿದೆ. ಜನ ಬಗೆಬಗೆಯ ವೇಷದಲ್ಲಿ ಬಂದು ಟ್ರ್ಯಾಕ್ ಸುತ್ತುತ್ತಾರೆ, ದುಡ್ಡು ಹಾಕುತ್ತಾರೆ, ತೀರಿಹೋದ ತಮ್ಮವರ ಹೆಸರಲ್ಲಿ ದೀಪ ಇಡುತ್ತಾರೆ. ಕಾಲು ನೋಯುವುದಿಲ್ಲ ನಿಜ, ಆದರೆ ದುಡ್ಡು ನಿಜವಾದದ್ದೇ.

ಇದನ್ನು ನೋಡಿ ಉಳಿದವರಿಗೂ ಆಸೆ ಹುಟ್ಟಿತು. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2006ರಲ್ಲಿ ಸೆಕೆಂಡ್ ಲೈಫ್‌ಗೆ ಕಾಲಿಟ್ಟಿತು. ಅವರ ಬೊಂಬೆಗೆ ಗ್ರೀಕರ ಆರೋಗ್ಯ ದೇವತೆ ಹೈಜಿಯಾಳ ಹೆಸರು. ಅದೇ ಹೊತ್ತಿಗೆ ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಲೈಬ್ರೆರಿಯ ಹಣದಿಂದ ಹೆಲ್ತ್‌ಇನ್ಫೋ ಐಲ್ಯಾಂಡ್ ಎಂಬ ದ್ವೀಪ ಎದ್ದಿತು. ಲೈಬ್ರೆರಿಯವರೇ ಬೊಂಬೆಗಳಾಗಿ ನಿಂತು, ಬಂದವರಿಗೆ ಯಾವ ಕಾಯಿಲೆಗೆ ಎಲ್ಲಿ ಒಳ್ಳೆಯ ಮಾಹಿತಿ ಸಿಗುತ್ತದೆ ಅಂತ ತೋರಿಸುತ್ತಿದ್ದರು.

ನಾನೂ ಆಗ ಅಲ್ಲಿಗೆ ಹೋಗಲು ನೋಡಿದ್ದೆ. 2007ರ ಮಾತು. ಹಂಪನಕಟ್ಟೆಯ ಒಂದು ಸೈಬರ್ ಕೆಫೆಯ ಹುಡುಗ ಪರಿಚಯದವನಾದ್ದರಿಂದ ಸಾಫ್ಟ್‌ವೇರ್ ಹಾಕಿಕೊಟ್ಟ. ಆ ಕಾಲದಲ್ಲಿ ನಮ್ಮ ದೇಶದಲ್ಲಿ 256 ಕೆಬಿಪಿಎಸ್ ವೇಗ ಇದ್ದರೆ ಬ್ರಾಡ್‌ಬ್ಯಾಂಡ್ ಅನ್ನುತ್ತಿದ್ದರು. ಅರ್ಧ ಗಂಟೆ ಕೂತೆ. ನನ್ನ ಬೊಂಬೆ ಬೂದು ಬಣ್ಣದ ಮುದ್ದೆಯಾಗಿ ಬೂದು ಬಣ್ಣದ ಆಕಾಶದಲ್ಲಿ ತೇಲುತ್ತಿತ್ತು. ಅಂಗಿ ಲೋಡ್ ಆಗುವುದರೊಳಗೆ ನನ್ನ ಸಮಯ ಮುಗಿಯಿತು, ದುಡ್ಡು ಕೊಟ್ಟು ಎದ್ದು ಬಂದೆ.

ನನ್ನದು ಮಾತ್ರ ಈ ಕತೆ ಅಂದುಕೊಳ್ಳಬೇಡಿ. ಒಳ್ಳೆಯ ಕಂಪ್ಯೂಟರ್ ಬೇಕು, ಒಳ್ಳೆಯ ನೆಟ್ ಬೇಕು, ನಡೆಯಲು ಕಲಿಯಲಿಕ್ಕೇ ಒಂದು ದಿನ ಬೇಕು. ಇಷ್ಟೆಲ್ಲ ದಾಟಿ ದ್ವೀಪ ತಲುಪಿದರೆ ಅಲ್ಲಿ ಗೋಡೆಗೆ ಅಂಟಿಸಿದ ಪೋಸ್ಟರುಗಳು, ಒತ್ತಿದರೆ ಒಂದು ವೆಬ್‌ಸೈಟಿಗೆ ಹೋಗುವ ಬೋರ್ಡುಗಳು. ನಮ್ಮ ಸರಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗದ ಗೋಡೆಯನ್ನೇ ಎತ್ತಿ ಇಟ್ಟ ಹಾಗೆ. ಪೋಸ್ಟರ್ ಓದಲು ಯಾರಾದರೂ ವೇಷ ಹಾಕುತ್ತಾರಾ? ಎಷ್ಟೋ ಸಂಸ್ಥೆಗಳ ದ್ವೀಪಗಳು ಹೀಗೆ ಖಾಲಿ ಬಿದ್ದವು.

ಆದರೆ ಒಂದು ಗುಂಪಿನವರು ಅಲ್ಲಿಂದ ಕದಲಲಿಲ್ಲ. ಮನೆಯಿಂದ ಹೊರಗೆ ಹೋಗಲು ಆಗದವರು. ವರ್ಚುವಲ್ ಎಬಿಲಿಟಿ ಅನ್ನುವ ಸಂಸ್ಥೆಯನ್ನು ಕಟ್ಟಿದ ಆಲಿಸ್ ಕ್ರೂಗರ್ ಅವರಿಗೆ ಸ್ವತಃ ಮಲ್ಟಿಪಲ್ ಸ್ಕ್ಲೆರೋಸಿಸ್ ಇತ್ತು, ಅಂದರೆ ನರಗಳ ಹೊದಿಕೆ ಹಾಳಾಗಿ ಕೈಕಾಲು ಮಾತು ಕೇಳದ ಹಾಗೆ ಮಾಡುವ ಕಾಯಿಲೆ. ಅಂಥವರಿಗೆ ಅಲ್ಲಿ ಸಿಕ್ಕಿದ್ದು ತಮ್ಮದೇ ಕಾಯಿಲೆಯ ಇನ್ನೊಬ್ಬರು. ಔಷಧಿ ತಗೊಂಡ ಮೇಲೆ ಸುಸ್ತಾಗುತ್ತದಾ, ನೀವು ಅಡುಗೆ ಹೇಗೆ ಮಾಡುತ್ತೀರಿ, ಮನೆಯವರು ನಂಬುತ್ತಾರಾ, ಇಂಥ ಪ್ರಶ್ನೆಗಳು. ಡಾಕ್ಟರ ಹತ್ತಿರ ಐದು ನಿಮಿಷದಲ್ಲಿ ಇದನ್ನೆಲ್ಲ ಕೇಳಲು ಆಗುವುದಿಲ್ಲ ಅಲ್ವಾ.

ಅಂದರೆ ಬರೀ ಮಾಹಿತಿ ಇಟ್ಟರೆ ಯಾರೂ ಬರುವುದಿಲ್ಲ. ಅಲ್ಲಿ ಏನಾದರೂ ಆಗಬೇಕು, ಬಂದವರ ಮೈಗೇ ತಾಗಬೇಕು.

ಮೈಗೆ ತಾಗುವುದಕ್ಕೆ ನನಗೆ ಗೊತ್ತಿರುವ ಒಳ್ಳೆಯ ಉದಾಹರಣೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನದು. ಅಲ್ಲಿನ ಮನೋವೈದ್ಯ ಪೀಟರ್ ಯೆಲ್ಲೋಲೀಸ್ ಸೆಕೆಂಡ್ ಲೈಫ್‌ನಲ್ಲಿ ಒಂದು ಆಸ್ಪತ್ರೆ ವಾರ್ಡ್ ಕಟ್ಟಿಸಿದರು. ಸ್ಕಿಜೋಫ್ರೇನಿಯಾ, ಅಂದರೆ ಇಲ್ಲದ ದನಿ ಕೇಳಿಸುವ, ಇಲ್ಲದ್ದು ಕಾಣಿಸುವ ಮನಸ್ಸಿನ ಕಾಯಿಲೆ ಇರುವವರನ್ನು ಮಾತಾಡಿಸಿ, ಅವರಿಗೆ ಏನು ಕಾಣುತ್ತದೆ, ಏನು ಕೇಳುತ್ತದೆ ಅನ್ನುವುದನ್ನು ಹಾಗೆಹಾಗೇ ಆ ವಾರ್ಡಿನಲ್ಲಿ ಇಟ್ಟರು. ನೀವು ಒಳಗೆ ನಡೆದರೆ ಕಿವಿಯಲ್ಲಿ ಯಾರೋ ಬೈಯುತ್ತಿರುತ್ತಾರೆ. ಗೋಡೆಯ ಮೇಲಿನ ಸಾದಾ ಪೋಸ್ಟರಿನ ಅಕ್ಷರ ನೋಡನೋಡುತ್ತ ಕೆಟ್ಟ ಮಾತಾಗಿ ಬದಲಾಗುತ್ತದೆ. ಕಾಲ ಕೆಳಗಿನ ನೆಲ ಮಾಯವಾಗುತ್ತದೆ. 2006ರಲ್ಲಿ ಅವರು ಬರೆದ ವರದಿಯ ಪ್ರಕಾರ, ನೋಡಿ ಅಭಿಪ್ರಾಯ ಕೊಟ್ಟ 500ಕ್ಕೂ ಹೆಚ್ಚು ಜನರಲ್ಲಿ ಸುಮಾರು ಮುಕ್ಕಾಲು ಪಾಲು, ದನಿ ಕೇಳಿಸುವುದು ಅಂದರೆ ಏನು ಅಂತ ಈಗ ಜಾಸ್ತಿ ಗೊತ್ತಾಯಿತು ಅಂದರು.

ನಮ್ಮೂರಲ್ಲಿ ಒಬ್ಬರು "ಯಾರೋ ಕಿವಿಯಲ್ಲಿ ಮಾತಾಡುತ್ತಾರೆ" ಅಂದರೆ ಮೊದಲು ಜೋಯಿಸರ ಹತ್ತಿರ ಪ್ರಶ್ನೆ ಇಡಿಸುತ್ತಾರೆ, ಆಮೇಲೆ ಹರಕೆ, ಮನೋವೈದ್ಯರ ಬಾಗಿಲಿಗೆ ಬರುವುದು ವರ್ಷ ಕಳೆದ ಮೇಲೆ. ಆ ವಾರ್ಡಿನಲ್ಲಿ ಹತ್ತು ನಿಮಿಷ ಓಡಾಡಿದ ಅಣ್ಣನೋ ತಮ್ಮನೋ ಇದ್ದಿದ್ದರೆ "ಸುಮ್ನೆ ನಾಟಕ ಮಾಡ್ತಾನೆ" ಅನ್ನುತ್ತಿರಲಿಲ್ಲವೇನೋ ಅಂತ ನನಗೆ ಅನಿಸುತ್ತದೆ. ಆದರೆ ಇಲ್ಲಿ ಒಂದು ಮುಳ್ಳು ಉಂಟು. ಇಂಥ ಅನುಕರಣೆಗಳ ಬಗ್ಗೆ ಆಮೇಲೆ ನಡೆದ ಅಧ್ಯಯನಗಳಲ್ಲಿ, ನೋಡಿದವರಿಗೆ ಮರುಕ ಹೆಚ್ಚಾದರೂ ಆ ಕಾಯಿಲೆಯವರಿಂದ ದೂರ ಇರಬೇಕು ಅನ್ನುವ ಭಾವನೆಯೂ ಕೆಲವೊಮ್ಮೆ ಹೆಚ್ಚಾಗಿದ್ದು ಕಂಡುಬಂತು. ಹೆದರಿಸಿ ಕಳಿಸಿದರೆ ಹಾಗೇ ಆಗುವುದು. ಕಾಯಿಲೆ ಇದ್ದೂ ಮಾತ್ರೆ ತಗೊಂಡು ಕೆಲಸಕ್ಕೆ ಹೋಗಿ ಬರುವ ಒಬ್ಬರ ಮಾತನ್ನು ಕೊನೆಯಲ್ಲಿ ಕೇಳಿಸದೆ ಜನರನ್ನು ಹೊರಗೆ ಬಿಡಲೇಬಾರದು.

ಈಗ ಸಾಂಕ್ರಾಮಿಕದ ವಿಷಯಕ್ಕೆ ಬರೋಣ. ನನಗೆ ತುಂಬಾ ಇಷ್ಟದ ಭಾಗ ಇದು.

ವೈವಿಲ್ ಅಂತ ಮಕ್ಕಳ ಒಂದು ಲೋಕ ಉಂಟು, 1999ರಲ್ಲಿ ಶುರುವಾದದ್ದು. 2002ರಲ್ಲಿ ಅದನ್ನು ನಡೆಸುವವರು ಬೇಕಂತಲೇ ಒಂದು ಕಾಯಿಲೆ ಬಿಟ್ಟರು. ಹೆಸರು ವೈಪಾಕ್ಸ್. ಸೋಂಕು ತಗುಲಿದ ಬೊಂಬೆಯ ಮುಖದಲ್ಲಿ ಕೆಂಪು ಗುಳ್ಳೆ. ಚಾಟ್‌ನಲ್ಲಿ ಏನಾದರೂ ಬರೆಯಲು ಹೋದರೆ ಮಧ್ಯದಲ್ಲಿ "ಆಕ್ಷೀ" ಅಂತ ತಾನಾಗಿ ಬರುತ್ತದೆ. ಚಂದ ಕಾಣಲು ಮುಖಕ್ಕೆ ಕಣ್ಣು ಮೂಗು ಎಲ್ಲ ಕೊಂಡು ಅಂಟಿಸಿಕೊಂಡ ಮಕ್ಕಳಿಗೆ ಹೇಗಾಗಿರಬೇಡ! ಯಾರಿಂದ ಬಂತು, ಎಷ್ಟು ದಿನ ಇರುತ್ತದೆ, ಯಾರ ಹತ್ತಿರ ಹೋಗಬಾರದು ಅಂತ ತಾವೇ ಹುಡುಕಾಡಿದರು. ಸಿಡಿಸಿಯನ್ನು ಹೋಲುವ ಒಂದು ಕೇಂದ್ರ ಆ ಊರಿನೊಳಗೇ ಇತ್ತು, ಅಲ್ಲಿಗೆ ಹೋಗಿ ಓದಿದರು. ಗಮನಿಸಿ, ಓದಿದ್ದು ಕರಪತ್ರದಂಥದ್ದನ್ನೇ. ಆದರೆ ಮುಖಕ್ಕೆ ಗುಳ್ಳೆ ಬಂದ ಮೇಲೆ.

ಇನ್ನೊಂದು ಯಾರೂ ಬೇಕಂತ ಮಾಡಿದ್ದಲ್ಲ. 2005ರ ಸೆಪ್ಟೆಂಬರ್ 13, ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಗೇಮಿನಲ್ಲಿ ಹಕ್ಕರ್ ಎಂಬ ಹೊಸ ರಾಕ್ಷಸ ಬಂದ. ಅವನು ಬಿಡುವ ಕೆಟ್ಟ ರಕ್ತದ ಮಾಟ ತಾಗಿದವರ ಶಕ್ತಿ ಇಳಿಯುತ್ತ ಹೋಗುತ್ತದೆ, ಹತ್ತಿರ ನಿಂತವರಿಗೂ ಹರಡುತ್ತದೆ. ಅದು ಅವನಿರುವ ಜಾಗದೊಳಗೇ ಉಳಿಯಬೇಕಿತ್ತು. ಆದರೆ ಆಟಗಾರರ ಸಾಕುಪ್ರಾಣಿಗಳ ಮೈಗೆ ಅಂಟಿಕೊಂಡು ಊರಿಗೆ ಬಂತು. ಊರಿನ ಅಂಗಡಿಯವರು ಗೇಮ್ ತಾನೇ ನಡೆಸುವ ಬೊಂಬೆಗಳು, ಅವರಿಗೆ ಕಾಯಿಲೆ ತಾಗಿದರೂ ಅವರು ಸಾಯುವುದಿಲ್ಲ, ಆದ್ದರಿಂದ ಬಂದ ಗಿರಾಕಿಗೆಲ್ಲ ಹಂಚುತ್ತ ಕೂತರು. ಬಲ ಕಡಿಮೆ ಇದ್ದ ಹೊಸ ಆಟಗಾರರು ಕ್ಷಣದಲ್ಲಿ ಸತ್ತರು, ಬೀದಿ ತುಂಬ ಎಲುಬಿನ ರಾಶಿ.

ಆಗ ಜನ ಮಾಡಿದ್ದೇ ನೋಡುವಂಥದ್ದು. ಕೆಲವರು ಊರು ಬಿಟ್ಟು ಓಡಿದರು, ಓಡುತ್ತ ಕಾಯಿಲೆಯನ್ನೂ ಒಯ್ದರು. ಗುಣಪಡಿಸುವ ಶಕ್ತಿ ಇದ್ದವರು ನಡುಬೀದಿಯಲ್ಲಿ ನಿಂತು ಸೇವೆ ಮಾಡಿದರು. ಕೆಲವರು ಬೇಕಂತಲೇ ಹರಡಿದರು. ಇನ್ನು ಕೆಲವರು, ಎಂತ ಆಗ್ತಾ ಉಂಟು ನೋಡಿ ಬರುವ ಅಂತ ಹೋಗಿ ತಗಲಿಸಿಕೊಂಡರು. ನೇತ್ರಾವತಿ ಉಕ್ಕಿದಾಗ ಪಾಣೆಮಂಗಳೂರು ಸೇತುವೆಯ ಹತ್ತಿರ ಮೊಬೈಲ್ ಹಿಡಿದು ನಿಲ್ಲುವ ನಮ್ಮವರನ್ನು ನೆನೆಸಿಕೊಳ್ಳಿ. ಕಾಯಿಲೆ ತಾಗಿದವರನ್ನು ಬೇರೆ ಇಡುವ ಪ್ರಯತ್ನವನ್ನು ಕಂಪನಿ ಮಾಡಿತು, ಹಲವರು ಕೇಳಲಿಲ್ಲ. ಕೊನೆಗೆ ಸರ್ವರ್‌ಗಳನ್ನೇ ರೀಸೆಟ್ ಮಾಡಿ, ಸಾಕುಪ್ರಾಣಿಗಳಿಗೆ ತಾಗದ ಹಾಗೆ ತಿದ್ದಬೇಕಾಯಿತು.

2007ರಲ್ಲಿ ಸಾಂಕ್ರಾಮಿಕ ತಜ್ಞರಾದ ಎರಿಕ್ ಲೋಫ್‌ಗ್ರೆನ್ ಮತ್ತು ನೀನಾ ಫೆಫರ್ಮನ್ ಇದರ ಬಗ್ಗೆ ಲ್ಯಾನ್ಸೆಟ್ ಬಳಗದ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ರೋಗ ಎಷ್ಟು ವೇಗವಾಗಿ ಹರಡುತ್ತದೆ ಅಂತ ಗಣಿತ ಹೇಳುತ್ತದೆ, ಆದರೆ ಹೆದರಿದ ಮನುಷ್ಯ ಎತ್ತ ಓಡುತ್ತಾನೆ ಅಂತ ಗಣಿತಕ್ಕೆ ಸುಲಭಕ್ಕೆ ಗೊತ್ತಾಗುವುದಿಲ್ಲ, ಇಂಥ ಲೋಕಗಳಲ್ಲಿ ಅದನ್ನು ನೋಡಬಹುದು ಅನ್ನುವುದು ಅವರ ವಾದ. ಗೇಮಿನಲ್ಲಿ ಸತ್ತರೆ ಮತ್ತೆ ಏಳಬಹುದು, ಆದ್ದರಿಂದ ಅಲ್ಲಿನ ಧೈರ್ಯ ನಿಜವಾದ ಧೈರ್ಯ ಅಲ್ಲ ಅನ್ನುವ ಆಕ್ಷೇಪವೂ ಸರಿಯೇ. ಆದರೂ 2020 ಕಂಡ ನಮಗೆ ಅದರಲ್ಲಿ ಯಾವ ಪಾತ್ರ ಗುರುತು ಸಿಗುವುದಿಲ್ಲ ಹೇಳಿ?

ಇನ್ನೊಂದು ಸಣ್ಣ ಸಂಗತಿ. ವೇಷ ನಮ್ಮನ್ನು ಬದಲಿಸುತ್ತದೆ ಅನ್ನುವುದಕ್ಕೆ ಪ್ರಯೋಗದ ಸಾಕ್ಷಿಯೂ ಉಂಟು. 2009ರಲ್ಲಿ ಜೆಸ್ಸಿ ಫಾಕ್ಸ್ ಮತ್ತು ಸ್ಟ್ಯಾನ್‌ಫರ್ಡ್‌ನ ಜೆರೆಮಿ ಬೈಲೆನ್ಸನ್ ಒಂದು ಪ್ರಯೋಗ ಪ್ರಕಟಿಸಿದರು. ತಮ್ಮದೇ ಮುಖ ಇರುವ ಬೊಂಬೆ ಓಡುವುದನ್ನು ನೋಡಿದವರು, ಬೇರೆಯವರ ಬೊಂಬೆ ಓಡುವುದನ್ನು ನೋಡಿದವರಿಗಿಂತ ಮುಂದಿನ ಒಂದು ದಿನದಲ್ಲಿ ಜಾಸ್ತಿ ವ್ಯಾಯಾಮ ಮಾಡಿದ್ದರು. ಒಂದು ದಿನದ ಲೆಕ್ಕ ಅಷ್ಟೇ, ಜೀವನ ಬದಲಾಯಿತು ಅಂತ ಯಾರೂ ಹೇಳಿಲ್ಲ.

ಮುಖ ಮುಚ್ಚಿರುವುದರ ದೊಡ್ಡ ಲಾಭ, ನಾಚದೆ ಪ್ರಶ್ನೆ ಕೇಳಬಹುದು. ಮಂಗಳೂರು ಎಷ್ಟು ಸಣ್ಣದು ಅಂತ ಇಲ್ಲಿಯವರಿಗೆ ಗೊತ್ತು. ಚರ್ಮರೋಗದ ಡಾಕ್ಟರ ಕ್ಲಿನಿಕ್ಕಿನಲ್ಲಿ ಕೂತರೆ ಅಲ್ಲಿ ಚಿಕ್ಕಮ್ಮನ ಪಕ್ಕದ ಮನೆಯವರು ಸಿಗುತ್ತಾರೆ, ಸಂಜೆಯೊಳಗೆ ಸುದ್ದಿ ಸುರತ್ಕಲ್ ದಾಟಿರುತ್ತದೆ. ಎಚ್‌ಐವಿ, ಮುಟ್ಟು, ಲೈಂಗಿಕ ರೋಗ, ಸಾಯಬೇಕು ಅನ್ನುವ ಯೋಚನೆ, ಇವನ್ನು ಹೆಸರಿಲ್ಲದ ವೇಷದಲ್ಲಿ ಕೇಳುವುದು ಸುಲಭ. ಬ್ರಿಟನ್ನಿನ ಪ್ಲಿಮತ್ ವಿಶ್ವವಿದ್ಯಾಲಯ ಇದೇ ಕಾರಣಕ್ಕೆ ಸೆಕೆಂಡ್ ಲೈಫ್‌ನಲ್ಲಿ ಲೈಂಗಿಕ ಆರೋಗ್ಯಕ್ಕಾಗಿ ಒಂದು ಜಾಗವನ್ನೇ ಕಟ್ಟಿತ್ತು.

ಆದರೆ ಮಾರಾಯ್ರೆ, ಅದೇ ವೇಷ ಆ ಕಡೆಯವನಿಗೂ ಉಂಟು. ಬಿಳಿ ಕೋಟು ಹಾಕಿದ ಬೊಂಬೆ ಡಾಕ್ಟರಾಗಿರಬೇಕಾಗಿಲ್ಲ, ಕೋಟು ಅಲ್ಲಿ ನಾಲ್ಕು ಕಾಸಿಗೆ ಸಿಗುತ್ತದೆ. ಡೆಂಗ್ಯೂ ಅಂದ ಕೂಡಲೇ ನಮ್ಮಲ್ಲಿ ಬಪ್ಪಂಗಾಯಿ, ಅಂದರೆ ಪಪ್ಪಾಯಿ ಎಲೆಯ ರಸ ಕುಡಿಸುವವರು ಕಡಿಮೆ ಇಲ್ಲ, ಅಂಥವರು ಬೊಂಬೆಯಾಗಿ ಬಂದರೆ ಕೇಳುವುದೇ ಬೇಡ. ನಿಜವಾಗಿ ಹೇಳಬೇಕಾದ್ದು ಇಷ್ಟು: ಡೆಂಗ್ಯೂ ಇರಬಹುದು ಅನಿಸಿದರೆ ಐಬುಪ್ರೊಫೆನ್, ಆಸ್ಪಿರಿನ್ ಬೇಡ. ಜ್ವರ ಇಳಿಯುವ ಹೊತ್ತೇ ಅಪಾಯದ ಹೊತ್ತು. ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ ಕಂಡರೆ ಆಸ್ಪತ್ರೆಗೆ ಓಡಬೇಕು. ಇದನ್ನು ಯಾವ ಬೊಂಬೆಯೂ ಪರೀಕ್ಷೆ ಮಾಡಿ ಹೇಳಲಾರದು. ಆದ್ದರಿಂದ ಇಂಥ ಜಾಗ ನಡೆಸುವವರು ನಾವು ಯಾರು ಅಂತ ಬಾಗಿಲಲ್ಲೇ ಬರೆದಿರಬೇಕು, ಚಿಕಿತ್ಸೆ ಹೇಳಬಾರದು, ನಿಜವಾದ ಬಾಗಿಲು ತೋರಿಸಬೇಕು. ಮನಸ್ಸಿನ ವಿಷಯಕ್ಕೆ ಸರಕಾರದ ಸಹಾಯವಾಣಿ ಟೆಲಿ ಮಾನಸ್‌ನ 14416 ಉಂಟು, ಕನ್ನಡದಲ್ಲೇ ಮಾತಾಡುತ್ತಾರೆ.

ಮತ್ತೊಂದು ಎಚ್ಚರ. ವೇಷದ ಹಿಂದೆ ನೀವು ಅಡಗಿದ್ದೀರಿ ಅನ್ನುವುದು ಎದುರಿನ ಬೊಂಬೆಗೆ ಮಾತ್ರ ಸತ್ಯ. ಕಂಪನಿಗೆ ನಿಮ್ಮ ಇಮೇಲ್ ಗೊತ್ತು, ಚಾಟ್ ಅವರ ಸರ್ವರ್‌ನಲ್ಲೇ ಹಾದುಹೋಗುವುದು. ಡಾಕ್ಟರ ಕೋಣೆಯ ಗುಟ್ಟು ಅಲ್ಲಿ ನಿರೀಕ್ಷಿಸಬೇಡಿ. ಮಕ್ಕಳ ವಿಷಯದಲ್ಲಂತೂ ನಮ್ಮ 2023ರ ಡೇಟಾ ಸಂರಕ್ಷಣಾ ಕಾಯ್ದೆಯೇ 18 ವರ್ಷದೊಳಗಿನವರ ಮಾಹಿತಿಗೆ ತಂದೆ ತಾಯಿಯ ಒಪ್ಪಿಗೆ ಬೇಕು ಅನ್ನುತ್ತದೆ.

ಸರಿ, ಅಕ್ಕನ ಮಗನ ಕಥೆ ಅರ್ಧಕ್ಕೆ ಬಿಟ್ಟಿದ್ದೆ. ಆ ದಿನ ಮಧ್ಯಾಹ್ನ ಅವನ ಪಕ್ಕ ಕೂತು ನೋಡಿದೆ. ಮೈನ್‌ಕ್ರಾಫ್ಟ್‌ನಲ್ಲಿ ಮಳೆ ಬರುತ್ತದೆ, ಹೊರಗಿಟ್ಟ ಹಂಡೆಯಲ್ಲಿ ನೀರು ತುಂಬುತ್ತದೆ. ಒಂದು ದಿನ ಅಂದರೆ ಅಲ್ಲಿ ಇಪ್ಪತ್ತು ನಿಮಿಷ. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ಏಳರಿಂದ ಹತ್ತು ದಿನ ತಗೊಳ್ಳುತ್ತದೆ. ಏಳು ದಿನ ಅಂದರೆ ಗೇಮಿನಲ್ಲಿ 140 ನಿಮಿಷ. ಅವನ ಎರಡು ಗಂಟೆಯ ಆಟಕ್ಕೆ ಹೆಚ್ಚುಕಡಿಮೆ ಸರಿಯಾಯಿತು! ಸೊಳ್ಳೆ ಆ ಗೇಮಿನಲ್ಲಿ ಇಲ್ಲ, ಜೇನುನೊಣ ಉಂಟು. ಅದನ್ನೇ ಸೊಳ್ಳೆ ಮಾಡಿಕೊಂಡೆವು. ನಿಯಮ ಹೀಗೆ: ಯಾರ ಮನೆಯಲ್ಲಿ ಏಳು ದಿನ ಹಂಡೆ ಖಾಲಿ ಆಗಲಿಲ್ಲವೋ ಅಲ್ಲಿ ಇವನು ಎರಡು ಜೇನುನೊಣ ಬಿಡುತ್ತಾನೆ. ನೊಣ ಮನೆಯೊಳಗೆ ಬಂದರೆ ಆ ಮನೆಯವನಿಗೆ ಜ್ವರ, ಒಂದು ದಿನ ಕಟ್ಟುವ ಹಾಗಿಲ್ಲ. ಆಡಲು ಇವನ ಕ್ಲಾಸಿನ ಇಬ್ಬರು ಗೆಳೆಯರು ಸೇರಿದರು.

ಮೊದಲ ದಿನವೇ ಒಬ್ಬ ಗೆಳೆಯ ಮೂರು ಹಂಡೆಗಳನ್ನು ಬೇಕಂತಲೇ ತುಂಬಲು ಬಿಟ್ಟ, ಅದೂ ತಾರಸಿಯಲ್ಲಿ, ಕೆಳಗಿಂದ ಕಾಣದ ಹಾಗೆ. ಕಟ್ಟುತ್ತಿರುವ ಕಟ್ಟಡದ ತಾರಸಿಯಲ್ಲಿ, ಮುಚ್ಚದ ಟ್ಯಾಂಕಿನಲ್ಲಿ ಮಲೇರಿಯಾ ಸೊಳ್ಳೆ ಸಾಕುವುದರಲ್ಲಿ ಮಂಗಳೂರಿಗೆ ಹಳೆಯ ಅನುಭವ ಇದೆ, ಅವನಿಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ನೊಣಗಳು ಅವನ ಮನೆಯಲ್ಲಿ ನಿಲ್ಲಲಿಲ್ಲ, ಪಕ್ಕದಲ್ಲೇ ಇದ್ದ ಇವನ ಮನೆಯ ಕಿಟಕಿಯಲ್ಲಿ ನುಗ್ಗಿದವು.

"ಮಾಮ, ನಾನು ಎಲ್ಲಾ ಹಂಡೆ ಖಾಲಿ ಮಾಡಿದ್ದೆ, ಆದ್ರೂ ನಂಗೇ ಜ್ವರ! ಇದು ಮೋಸ ಅಲ್ವಾ?" ಅಂತ ಫೋನಿನಲ್ಲಿ ಜಗಳಕ್ಕೇ ಬಂದ. ನಾನು ನಿಯಮ ಬದಲಿಸಲಿಲ್ಲ. ಮೊನ್ನೆ ಹೋದಾಗ ನೋಡುತ್ತೇನೆ, ಅವನ ಬೊಂಬೆಯ ಅಂಗಿ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಗೆಳೆಯನ ಮನೆಯ ಬಾಗಿಲಲ್ಲಿ ನಿಂತು ಚಾಟ್‌ನಲ್ಲಿ ಟೈಪ್ ಮಾಡುತ್ತಿದ್ದ: "ತಾರಸಿ ತೋರಿಸು ಮಾರಾಯ."